ನಾಚಿಕೆಮುಳ್ಳಿನ ಕಷಾಯ



ಈ ಉಪನ್ಯಾಸದ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಸಂಘಟಕರೊಬ್ಬರು ಫೋನ್ ಮಾಡಿ ವಿಷಯ ಏನು ಎಂದು ಕೇಳಿದರು. ‘ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಡಾಕ್ಟ್ರೇ, ಹೊಟ್ಟೆಯ ಕ್ಯಾನ್ಸರ್ ಅಂತ ಹಾಕಿದರೆ ಅಡ್ಡಿ ಇಲ್ಲವಾ? ಪತ್ರಿಕೆ ಹಿರಿಯರ ಕೈಗೂ ಹೋಗ್ತದೆ’ ಎಂದರು. ಅಡ್ಡಿ ಇಲ್ಲ ಎಂದುಬಿಟ್ಟೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಪತ್ರಿಕೆಯಲ್ಲಿ ಹೊಟ್ಟೆ ಎಂದಿದೆ. ಹೊಟ್ಟೆಯ ಕ್ಯಾನ್ಸರ್ ಎಂದರೆ ನಾವು ಡಾಕ್ಟರುಗಳು ಜಠರದ್ದು ಎಂದುಕೊಳ್ಳುತ್ತೇವೆ. ಅದು ಬೇರೆಯೇ ರೋಗ. ನಾನು ಮಾತಾಡಲು ಬಂದದ್ದು ಅದಕ್ಕಿಂತ ಕೆಳಗಿನದರ ಬಗ್ಗೆ. ಹಿರಿಯರಿಗಾಗಿಯೇ ಮಾತಾಡಲು ಹೊರಟವನು, ಹಿರಿಯರ ಕಣ್ಣಿಗೆ ಬೀಳಬಾರದೆಂದು ಆ ಶಬ್ದವನ್ನೇ ಬಿಟ್ಟುಕೊಟ್ಟೆನಲ್ಲ! ಈ ಉಪನ್ಯಾಸ ಬರೆಯುವಷ್ಟು ದಿನವೂ ಅದು ಕೊರೆಯುತ್ತಲೇ ಇತ್ತು.

ಗುದನಾಳದ ನಿತ್ಯದ ಕೆಲಸಕ್ಕೆ ನಮ್ಮ ಮಾತಿನಲ್ಲಿ ನೇರ ಹೆಸರು ಇದೆ, ಸಭೆಯಲ್ಲಿ ಹೇಳುವ ಹಾಗಿಲ್ಲ ಅಷ್ಟೇ. ಹಳಬರು ‘ಬೆಟ್ಟಕ್ಕೆ ಹೋಗಿ ಬಂದೆ’ ಎನ್ನುತ್ತಿದ್ದರು. ಪೇಟೆಯವರು ‘ಸಂಡಾಸ’ ಎಂದರು. ಈಗ ಎಲ್ಲರೂ ‘ಮೋಷನ್’ ಎನ್ನುತ್ತಾರೆ. ಇಂಗ್ಲಿಷ್ ಶಬ್ದಕ್ಕೆ ವಾಸನೆ ಇಲ್ಲ ಎಂಬ ನಂಬಿಕೆ ಇರಬೇಕು. ನನ್ನ ಕೋಣೆಗೆ ಬರುವವರು ಅದನ್ನೂ ಹೇಳುವುದಿಲ್ಲ. ಮೊದಲು ಮಂಡಿನೋವು, ಆಮೇಲೆ ಬೀಪಿ ಗುಳಿಗೆ, ಆಮೇಲೆ ‘ಸ್ವಲ್ಪ ಗ್ಯಾಸು’. ಚೀಟಿ ಬರೆಸಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲು ಅರ್ಧ ತೆರೆದು ಹಿಂದೆ ತಿರುಗುತ್ತಾರೆ: ‘ಮತ್ತೆ... ಇನ್ನೊಂದಿತ್ತು, ಈಗ ಬೇಡ ಬಿಡಿ, ಮುಂದಿನ ಸಲ ಹೇಳ್ತೆ.’ ಮೂವತ್ತು ವರ್ಷದ ಅನುಭವದಿಂದ ಹೇಳುತ್ತೇನೆ, ಆ ‘ಇನ್ನೊಂದು’ ಎಂಬುದೇ ಅವರು ಬಸ್ಸು ಹತ್ತಿ ಬಂದ ಕಾರಣ. ಈಗ ನಾನು ಅವರನ್ನು ವಾಪಸು ಕೂರಿಸುತ್ತೇನೆ. ಮೊದಮೊದಲು ಕೂರಿಸುತ್ತಿರಲಿಲ್ಲ.

ಆ ಮೊದಮೊದಲಿನ ಕಾಲದ ಕಥೆಯೊಂದನ್ನು ಹೇಳಬೇಕು. ತಪ್ಪು ನನ್ನದೇ ಆದ್ದರಿಂದ ಯಾರ ಅನುಮತಿಯೂ ಬೇಕಿಲ್ಲ.

ಸಿದ್ದಾಪುರ ಕಡೆಯ ನನ್ನ ಸೋದರಮಾವನಿಗೆ ಆಗ 58 ವರ್ಷ. ಸಣ್ಣ ತೋಟ, ಎರಡು ಆಕಳು, ದಿನಕ್ಕೆ ಹತ್ತು ಕವಳ. ಒಂದು ಬೇಸಿಗೆ ಕಂಬಳಿಕೊಪ್ಪೆಯಷ್ಟು ಸುಸ್ತು ಹೊತ್ತುಕೊಂಡು ಬಂದ. ಮುಖ ಬಿಳುಚಿಕೊಂಡಿತ್ತು. ಅತ್ತೆಯೇ ಗುಟ್ಟು ಬಿಟ್ಟದ್ದು: ‘ಕೆಳಗೆ ನೆತ್ರು ಹೋಗ್ತು ಹೇಳಿ ಕಾಣ್ತು.’ ಮಾವ ತಕ್ಷಣ ಮಾತು ತೂರಿಸಿದ: ‘ಎಂತದೂ ಇಲ್ಲೆ ತಮಾ, ಹಳೇ ಮೂಲವ್ಯಾಧಿ. ಸೆಕೆಗಾಲಕ್ಕೆ ಕೆರಳ್ತು, ಮಳೆ ಬಿದ್ದ ಮೇಲೆ ತಣೀತು.’ ಅವನು ಕೈಕಟ್ಟಿ ಕೂತವನೇನಲ್ಲ. ತೋಟದ ಬದಿಯ ನಾಚಿಕೆಮುಳ್ಳನ್ನು ಬೇರುಸಹಿತ ಕಿತ್ತು ಕಷಾಯ ಮಾಡಿ ಕುಡಿಯುತ್ತಿದ್ದ. ಸುವರ್ಣಗಡ್ಡೆ ಪಲ್ಯ, ಹೊತ್ತುಹೊತ್ತಿಗೆ ಮಜ್ಜಿಗೆ. ನಮ್ಮ ಸೀಮೆಯಲ್ಲಿ ಮೂಲವ್ಯಾಧಿಗೆ ಏನೇನು ಮಾಡುತ್ತಾರೋ ಎಲ್ಲ ಮಾಡಿಯಾಗಿತ್ತು.

ರಕ್ತ ತೆಗೆಸಿದೆ. ಹಿಮೋಗ್ಲೋಬಿನ್ 8. ನನ್ನ ತಲೆಯಲ್ಲಿ ತಕ್ಷಣ ಓಡಿದ್ದು ಕೊಕ್ಕೆಹುಳು. ಹಸಿ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಅಂಗಾಲಿನಿಂದ ಹೊಕ್ಕು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು ಅದು. ಊಹೆ ತೀರ ತಪ್ಪೇನಲ್ಲ. ಹುಳಕ್ಕೆ ಗುಳಿಗೆ ಕೊಟ್ಟೆ. ಮೂರು ತಿಂಗಳಿಗೆ ಕಬ್ಬಿಣಾಂಶದ ಗುಳಿಗೆ ಬರೆದೆ. ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ನಿಮಗೆ ಗೊತ್ತು. ಕಂಡೂ ಕಾಣದಂತೆ ಇದ್ದ ರಕ್ತ ಪೂರ್ತಿ ಕಾಣದಂತಾಯಿತು. ಮಾವನಿಗೆ ಗುಣ ಕಂಡಿತು, ನನಗೆ ಖುಷಿಯಾಯಿತು.

ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಕೈಗವಸು ಹಾಕಿ, ಎಡಮಗ್ಗುಲಿಗೆ ಮಲಗಿಸಿ, ತೋರುಬೆರಳಿನಿಂದ ಗುದನಾಳ ಪರೀಕ್ಷೆ ಮಾಡುವುದು. ಒಂದು ನಿಮಿಷದ ಕೆಲಸ. ಕಾಲೇಜಿನಲ್ಲಿ ನಮಗೆ ಕಲಿಸಿದವರು ಅದನ್ನು ಬಿಟ್ಟವನಿಗೆ ಅಂಕ ಕೊಡುತ್ತಿರಲಿಲ್ಲ. ಆದರೆ ಎದುರಿಗಿದ್ದವನು ಸೋದರಮಾವ. ಉಪನಯನದಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡವನು. ಅವನೂ ನಾಚಿದ, ನಾನೂ ನಾಚಿದೆ. ‘ಮುಂದಿನ ಸಲ ನೋಡನ’ ಎಂದೆ. ಮುಂದಿನ ಸಲ ಎಂದರೆ ಎಂಟು ತಿಂಗಳು. ಅಷ್ಟರಲ್ಲಿ ಹೊಟ್ಟೆ ಉಬ್ಬಿ, ಎರಡು ದಿನದಿಂದ ಗಾಳಿಯೂ ಹೋಗದೆ, ರಾತ್ರಿ ಬಾಡಿಗೆ ಜೀಪಿನಲ್ಲಿ ಬಂದ. ಬೆರಳಿಗೆ ಸಿಕ್ಕಿತು. ಹಲಸಿನ ಬೇಳೆಯ ಹೊರಮೈ ಹೇಗೆ ನುಣುಪೋ ಅದರ ವಿರುದ್ಧ. ಗಟ್ಟಿ, ಒರಟು, ಅಂಚು ಎದ್ದು ನಡುವೆ ಗುಳಿಬಿದ್ದ ಹುಣ್ಣು. ಯಕೃತ್ತಿಗೆ ಆಗಲೇ ಹಬ್ಬಿತ್ತು. ಐದು ತಿಂಗಳು ಬದುಕಿದ.

ಮೂಲವ್ಯಾಧಿ ಅವನಿಗೆ ಇದ್ದದ್ದೂ ಸುಳ್ಳಲ್ಲ. ಮೂಲವ್ಯಾಧಿ ಇದ್ದವನಿಗೆ ಕ್ಯಾನ್ಸರ್ ಬರಕೂಡದು ಎಂಬ ಕಾನೂನೇನೂ ಇಲ್ಲವಲ್ಲ. ನಮ್ಮಲ್ಲಿ ಆ ಹೆಸರು ಒಂದು ಬೀಗದ ಹಾಗೆ ಕೆಲಸ ಮಾಡುತ್ತದೆ. ರಕ್ತ ಕಂಡ ದಿನ ನಾವೇ ಹೆಸರಿಡುತ್ತೇವೆ, ನಾವೇ ಔಷಧ ಕುಡಿಯುತ್ತೇವೆ, ಅದು ತಾನಾಗಿ ನಿಂತಾಗ ಗುಣವಾಯಿತು ಎನ್ನುತ್ತೇವೆ. ಕ್ಯಾನ್ಸರಿನ ರಕ್ತವೂ ನಡುನಡುವೆ ತಾನಾಗಿ ನಿಲ್ಲುತ್ತದೆ, ಅದೇ ಮೋಸ. ಬಸ್‌ಸ್ಟ್ಯಾಂಡಿನ ಗೋಡೆ, ಕರೆಂಟು ಕಂಬ ಎಲ್ಲಿ ನೋಡಿದರೂ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಚೀಟಿ ಅಂಟಿಸಿರುತ್ತಾರೆ. ಅವರಲ್ಲಿ ಗುಣ ಮಾಡುವವರೂ ಇರಬಹುದು, ನನಗೆ ತಕರಾರಿಲ್ಲ. ಗುಣ ಮಾಡುವ ಮೊದಲು ಅದು ಮೂಲವ್ಯಾಧಿ ಹೌದೋ ಎಂದು ಬೆರಳು ಹಾಕಿ ನೋಡಿದಿರೋ ಎಂದಷ್ಟೇ ಕೇಳಿ. ನನ್ನ ಹತ್ತಿರ ಬಂದಾಗಲೂ ಅದನ್ನೇ ಕೇಳಿ.

ಈಗ ಶರೀರದ ಒಳಗೆ ಹೋಗೋಣ. ಸಣ್ಣಕರುಳು ಇಪ್ಪತ್ತು ಅಡಿ ಸುತ್ತಿಕೊಂಡು ಬಲಗಡೆ ಕೆಳಹೊಟ್ಟೆಯಲ್ಲಿ ದೊಡ್ಡಕರುಳಿಗೆ ಸೇರುತ್ತದೆ. ದೊಡ್ಡಕರುಳು ಸುಮಾರು ಐದಡಿ. ಬಲಗಡೆ ಮೇಲಕ್ಕೆ ಏರಿ, ಯಕೃತ್ತಿನ ಕೆಳಗೆ ತಿರುಗಿ, ಹೊಟ್ಟೆಗೆ ಅಡ್ಡಲಾಗಿ ಹಾದು, ಎಡಗಡೆ ಇಳಿದು, ಕೊನೆಯ ಒಂದು ಗೇಣಿಗಿಂತ ಕಡಿಮೆ ಉದ್ದದಲ್ಲಿ ಗುದನಾಳವಾಗುತ್ತದೆ. ಇದರ ಒಳಪದರ ನಮ್ಮ ಚರ್ಮಕ್ಕಿಂತ ಬೇಗ ಬೇಗ ಹಳತು ಕಳಚಿ ಹೊಸತು ಹೊದೆಯುತ್ತಿರುತ್ತದೆ. ಅಷ್ಟು ಅವಸರದ ಕೆಲಸದಲ್ಲಿ ಎಲ್ಲೋ ಒಂದು ಕೋಶ ಲೆಕ್ಕ ತಪ್ಪುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯುತ್ತದೆ. ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು ಒಂದು ಮೊಳಕೆ. ತೊಟ್ಟಿನ ಮೇಲೆ ಅಣಬೆಯಂತೆ ನಿಂತದ್ದೂ ಉಂಟು, ಹಾವಸೆಯಂತೆ ಮೈಗಂಟಿಕೊಂಡದ್ದೂ ಉಂಟು. ಅದಕ್ಕೆ ಪಾಲಿಪ್ ಎನ್ನುತ್ತಾರೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ, ಹೆಚ್ಚಿನವು ಸುಮ್ಮನೆ ಇರುತ್ತವೆ. ಆದರೆ ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಪಾಲಿಪ್ ಆಗಿಯೇ ಶುರುವಾದಂಥವು, ಮತ್ತು ಮೊಳಕೆಯಿಂದ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ.

ಹತ್ತು ವರ್ಷ. ಅಡಿಕೆ ಸಸಿ ನೆಟ್ಟವರಿಗೆ ಗೊತ್ತು ಅದೆಷ್ಟು ಕಾಲವೆಂದು. ಬೇರೆ ಕ್ಯಾನ್ಸರುಗಳಲ್ಲಿ ಇಷ್ಟು ಉದ್ದದ, ಇಷ್ಟು ನಿರಪಾಯದ ಅವಧಿ ನಮಗೆ ಸಿಗುವುದು ಅಪರೂಪ. ಈ ಅವಧಿಯಲ್ಲಿ ಮೊಳಕೆಯನ್ನು ಕಂಡು ತೊಟ್ಟು ಕತ್ತರಿಸಿದರೆ ಆ ಕ್ಯಾನ್ಸರ್ ಹುಟ್ಟುವುದೇ ಇಲ್ಲ. ಹೊಟ್ಟೆ ಕೊಯ್ಯದೆ, ಒಳಗೆ ತೂರಿಸಿದ ನಳಿಗೆಯ ತುದಿಯಿಂದಲೇ ತಂತಿಯ ಕುಣಿಕೆ ಹಾಕಿ ಪಾಲಿಪ್ ಕಿತ್ತದ್ದು 1969ರಲ್ಲಿ, ನ್ಯೂಯಾರ್ಕಿನಲ್ಲಿ. ಮಾಡಿದವರು ವಿಲಿಯಂ ವುಲ್ಫ್ ಮತ್ತು ಜಪಾನಿನಿಂದ ಬಂದು ನೆಲೆಸಿದ್ದ ಹಿರೋಮಿ ಶಿನ್ಯಾ. ಅಡಿಕೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿ ಕೂತು ಹಗ್ಗದ ಕುಣಿಕೆಯಲ್ಲಿ ಕೊನೆ ಇಳಿಸುವುದನ್ನು ನೋಡಿದವರಿಗೆ ಆ ಕುಣಿಕೆಯ ಹದ ಅರ್ಥವಾದೀತು.

ಮೊಳಕೆಯ ಹಂತ ದಾಟಿದರೂ ಕಾಲ ಮಿಂಚಿತೆಂದಲ್ಲ. ಕರುಳಿನ ಗೋಡೆಯೊಳಗೇ ಇರುವಾಗ ಕಂಡುಹಿಡಿದರೆ ಐದು ವರ್ಷ ದಾಟುವವರು ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ 90ರಷ್ಟು. ಯಕೃತ್ತಿಗೋ ಶ್ವಾಸಕೋಶಕ್ಕೋ ಹೋದ ಮೇಲೆ ಕಂಡರೆ ಅದೇ ದೇಶದಲ್ಲಿ, ಅದೇ ಔಷಧಿಗಳಿದ್ದೂ, ನೂರಕ್ಕೆ 15ರ ಆಸುಪಾಸು. ಅಮೆರಿಕದ ಅಧ್ಯಕ್ಷರಾಗಿದ್ದಾಗಲೇ ರೊನಾಲ್ಡ್ ರೇಗನ್ ಅವರ ದೊಡ್ಡಕರುಳಿನ ಕ್ಯಾನ್ಸರನ್ನು 1985ರ ಜುಲೈಯಲ್ಲಿ ಕೊಯ್ದು ತೆಗೆದರು. ಆಗ ಅವರಿಗೆ 74. ತೀರಿಕೊಂಡದ್ದು 93ರ ವಯಸ್ಸಿನಲ್ಲಿ, ಬೇರೆ ಕಾರಣಕ್ಕೆ. ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ನಾಯಕ ಚಾಡ್ವಿಕ್ ಬೋಸ್‌ಮನ್‌ಗೆ ಅದೇ ರೋಗ ಮೂರನೇ ಹಂತದಲ್ಲಿ ಗೊತ್ತಾಯಿತು. 2020ರಲ್ಲಿ, 43ರ ವಯಸ್ಸಿನಲ್ಲಿ ಹೋದ. ಇಬ್ಬರಿಗೂ ದುಡ್ಡಿನ ಕೊರತೆ ಇರಲಿಲ್ಲ.

‘ಇದು ಮಾಂಸ ತಿನ್ನುವವರ ಕಾಯಿಲೆ, ನಮಗ್ಯಾಕೆ’ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಕೇಳುವುದರಲ್ಲಿ ಅರ್ಧ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಉಪ್ಪು ಹೊಗೆ ಹಾಕಿ ಕಾಪಿಟ್ಟ ಸಾಸೇಜು, ಹ್ಯಾಮಿನಂಥ ಮಾಂಸವನ್ನು ಈ ಕ್ಯಾನ್ಸರಿನ ಖಚಿತ ಕಾರಣಗಳ ಸಾಲಿಗೆ ಸೇರಿಸಿತು. ಹೆಂಡ, ತಂಬಾಕು, ಬೊಜ್ಜು, ಕೂತಲ್ಲೇ ಕೂರುವುದು ಇವೂ ಇವೆ. ಆದರೆ ನನ್ನ ಮಾವ ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟಿದವನಲ್ಲ. ನಾರಿನ ವಿಷಯ ಹೇಳುವುದಾದರೆ, ಉಗಾಂಡಾದಲ್ಲಿ ಕೆಲಸ ಮಾಡಿದ ಡೆನಿಸ್ ಬರ್ಕಿಟ್ ಎಂಬ ಸರ್ಜನ್ 1970ರ ದಶಕದಲ್ಲಿ ಊರೂರು ತಿರುಗಿ ನಾರಿರುವ ಆಹಾರ ತಿನ್ನುವವರಿಗೆ ಈ ಕ್ಯಾನ್ಸರ್ ಕಡಿಮೆ ಎಂದು ಸಾರಿದ. ಅವನ ಮಾತಿಗೆ ಆಮೇಲೆ ಬಂದ ಆಧಾರ ಮಿಶ್ರ. ಪೂರ್ತಿ ಗೆಲ್ಲಲಿಲ್ಲ, ಪೂರ್ತಿ ಸೋಲಲೂ ಇಲ್ಲ. ಒಂದೆಲಗದ ತಂಬುಳಿ, ಸೊಪ್ಪಿನ ಪಲ್ಯ ಧಾರಾಳ ಉಣ್ಣಿ. ಅದನ್ನೇ ವಿಮೆ ಎಂದುಕೊಳ್ಳಬೇಡಿ.

ಯಲ್ಲಾಪುರದಿಂದ ಬಂದವರು ಕೈಗಾದ ಬಗ್ಗೆ ಕೇಳದೆ ಬಿಡುವುದಿಲ್ಲ. ಶಿವರಾಮ ಕಾರಂತರು ಆ ಅಣುಸ್ಥಾವರ ಬೇಡವೆಂದು 1989ರಲ್ಲಿ ಲೋಕಸಭೆಗೇ ನಿಂತಿದ್ದರು, ಹಿರಿಯರಿಗೆ ನೆನಪಿದೆ. ‘ಕೈಗಾ ಬಂದ ಮೇಲೆ ಕ್ಯಾನ್ಸರ್ ಹೆಚ್ಚಾತು’ ಎಂಬ ಮಾತು ನನ್ನ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಇಂಥ ಮಾತನ್ನು ಹೌದೆನ್ನಲೂ ಅಲ್ಲವೆನ್ನಲೂ ಬೇಕಾದದ್ದು ಪ್ರತಿ ಊರಿನ ಪ್ರತಿ ರೋಗಿಯನ್ನು ವರ್ಷ ವರ್ಷ ಬರೆದಿಟ್ಟ ದಾಖಲೆ. ಬೆಂಗಳೂರಿನವರಿಗೆ ಕಿದ್ವಾಯಿ ಸಂಸ್ಥೆ 1982ರಿಂದ ಅಂಥ ನೋಂದಣಿ ಇಟ್ಟಿದೆ. ಘಟ್ಟದ ನಮಗೂ ಅದು ಬೇಕು ಎಂಬುದು ನನ್ನ ಹಳೆಯ ಹಟ. ಇನ್ನು ಅಡಿಕೆಯ ವಿಷಯ ಹೇಳಲು ಅಡಿಕೆ ದುಡ್ಡಿನಲ್ಲಿ ಓದಿದ ನನಗೆ ನಾಲಿಗೆ ಏಳುವುದಿಲ್ಲ. ಆದರೂ, ಅದರ ಮೇಲಿರುವ ಆಪಾದನೆ ಮುಖ್ಯವಾಗಿ ಬಾಯಿಯ ಕ್ಯಾನ್ಸರಿನದು. ಇವತ್ತಿನ ಕಟಕಟೆಗೆ ಅದನ್ನು ಎಳೆಯುವುದಿಲ್ಲ. ಕವಳಕ್ಕೆ ಹಾಕುವ ತಂಬಾಕಿಗೆ ಮಾತ್ರ ಎಲ್ಲಿಯೂ ರಿಯಾಯಿತಿ ಇಲ್ಲ.

ಅಂಕಿ ಸಂಖ್ಯೆಯಲ್ಲಿ ನೋಡಿದರೆ, 2020ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿತು, ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಅದರಿಂದ ತೀರಿಕೊಂಡರು. ಹೊಸ ರೋಗಿಗಳಲ್ಲಿ ಭಾರತದ ಪಾಲು 65 ಸಾವಿರದ ಆಸುಪಾಸು. ನಮ್ಮ ಜನಸಂಖ್ಯೆಗೆ ಇದು ಕಡಿಮೆಯೇ. ಆದರೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 800 ರೋಗಿಗಳ ಲೆಕ್ಕ ಹಾಕಿದಾಗ ಕಂಡ ಸರಾಸರಿ ವಯಸ್ಸು 47. ಪಶ್ಚಿಮದ ದೇಶಗಳಲ್ಲಿ ಅರವತ್ತು ದಾಟಿದವರ ಕಾಯಿಲೆ ಎನ್ನುವುದು ನಮ್ಮಲ್ಲಿ ಮಗಳ ಮದುವೆ ಮಾಡಬೇಕಾದ ವಯಸ್ಸಿನವರನ್ನು ಹಿಡಿಯುತ್ತಿದೆ. ಇನ್ನೊಂದು, ನಮ್ಮಲ್ಲಿ ಗುದನಾಳದ ಪಾಲು ದೊಡ್ಡದು. ಎಂದರೆ ಬೆರಳಿಗೆ ಸಿಗುವ ಜಾಗದಲ್ಲೇ ಹೆಚ್ಚು. ನನಗೆ ಇದನ್ನು ಓದುವಾಗಲೆಲ್ಲ ಮಾವ ಎಡಮಗ್ಗುಲಿಗೆ ಮಲಗಿದಂತೆ ಕಾಣುತ್ತದೆ.

ಹಾಗಾದರೆ ಎಲ್ಲರೂ ಹೋಗಿ ಕೊಲೊನೊಸ್ಕೋಪಿ, ಎಂದರೆ ಆ ನಳಿಗೆ ಪರೀಕ್ಷೆ, ಮಾಡಿಸಿಕೊಳ್ಳಬೇಕೋ? ನಾನು ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ 45 ತುಂಬಿದ ಎಲ್ಲರಿಗೂ ತಪಾಸಣೆ ಎಂದು 2021ರಲ್ಲಿ ಮಾಡಿದರು. ಜಪಾನಿನಲ್ಲಿ 1992ರಿಂದ 40 ದಾಟಿದವರ ಮಲ ಪರೀಕ್ಷೆ ನಡೆದಿದೆ. ಇಂಗ್ಲೆಂಡಿನಲ್ಲಿ 2006ರಿಂದ ಅಂಚೆಯಲ್ಲೇ ಮನೆಗೆ ಡಬ್ಬಿ ಬರುತ್ತದೆ, ಸ್ವಲ್ಪ ಹಾಕಿ ವಾಪಸು ಅಂಚೆಗೆ ಕೊಡುತ್ತಾರೆ. ನಮ್ಮ ಸರಕಾರದ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರ್ ಇವೆ, ಕರುಳು ಇಲ್ಲ. ರೋಗ ಇಷ್ಟು ವಿರಳ ಇರುವಲ್ಲಿ, ಇರುವ ದುಡ್ಡನ್ನು ಆ ಮೂರಕ್ಕೆ ಹಾಕಿದ್ದು ಸರಿಯೇ. ನಮ್ಮ ದೇಶದ ಪ್ರಶ್ನೆ ಲಕ್ಷಣವಿಲ್ಲದವರದ್ದಲ್ಲ. ಲಕ್ಷಣ ಇದ್ದೂ ಎಂಟು ತಿಂಗಳು ಕಷಾಯ ಕುಡಿಯುವವರದ್ದು, ಅವರಿಗೆ ಕಬ್ಬಿಣದ ಗುಳಿಗೆ ಬರೆಯುವ ನನ್ನಂಥವರದ್ದು.

ಆದರೂ ಆ ಮಲ ಪರೀಕ್ಷೆಯ ಬಗ್ಗೆ ತಿಳಿದಿರಿ, ಅಗ್ಗದ್ದು, ನೋವಿಲ್ಲದ್ದು. ಬೆಳೆಯುವ ಪಾಲಿಪ್ ಮತ್ತು ಕ್ಯಾನ್ಸರ್ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿಸುತ್ತವೆ. ಅದನ್ನು ಹಿಡಿಯಲು ಮೊದಲು ಗ್ವಾಯಕಮ್ ಎಂಬ ಮರದ ಅಂಟನ್ನು ಬಳಸುತ್ತಿದ್ದರು. ರಕ್ತ ಸೋಕಿದರೆ ನೀಲಿಯಾಗುತ್ತಿತ್ತು. ಅಮೆರಿಕದ ಮಿನೆಸೋಟಾದಲ್ಲಿ 46 ಸಾವಿರ ಜನರನ್ನು 13 ವರ್ಷ ಹಿಂಬಾಲಿಸಿ 1993ರಲ್ಲಿ ಫಲಿತಾಂಶ ಹೊರಬಂತು: ಪ್ರತಿ ವರ್ಷ ಈ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಕಡಿಮೆ. ಈಗಿನ ಪರೀಕ್ಷೆ ಮನುಷ್ಯರ ರಕ್ತವನ್ನೇ ಗುರುತಿಸುತ್ತದೆ, ಹಿಂದಿನ ದಿನ ಬೀಟ್‌ರೂಟ್ ತಿಂದಿರಾ ಎಂದು ಕೇಳುವುದಿಲ್ಲ. ಒಂದು ಎಚ್ಚರಿಕೆ ಉಂಟು. ಕಣ್ಣಿಗೇ ರಕ್ತ ಕಾಣುತ್ತಿರುವವರಿಗೆ ಈ ಪರೀಕ್ಷೆ ಅಲ್ಲ. ಅವರಿಗೆ ಬೆರಳು, ಆಮೇಲೆ ನಳಿಗೆ.

ಬೆಳಗಿನ ಕೊಟ್ಟಿಗೆಯನ್ನು ನೆನಪು ಮಾಡಿಕೊಳ್ಳಿ. ಬುಟ್ಟಿ ಹಿಡಿದು ಹೋದವರು ಸಗಣಿ ಬಾಚುವ ಮೊದಲು ಒಂದು ಕ್ಷಣ ನೋಡುತ್ತೀರಿ. ತೆಳ್ಳಗಾಗಿದೆಯೋ, ಗಟ್ಟಿಯಾಗಿ ಉಂಡೆಯಾಗಿದೆಯೋ, ಲೋಳೆ ಇದೆಯೋ. ‘ಗೌರಿ ಸಗಣಿ ಸಮ ಇಲ್ಲೆ’ ಎಂದು ಮಧ್ಯಾಹ್ನದೊಳಗೆ ದನದ ಡಾಕ್ಟರಿಗೆ ಫೋನ್ ಹೋಗಿರುತ್ತದೆ. ಅದೇ ಮನೆಯ ಯಜಮಾನ ತನ್ನದನ್ನು ಒಂದು ದಿನವೂ ತಿರುಗಿ ನೋಡಿದವನಲ್ಲ. ನಮ್ಮ ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯ ಜೊತೆಗೆ ಮಲವೂ ಇತ್ತು. ನಾಡಿ ಹಿಡಿಯುವವರ ಕೀರ್ತಿ ಉಳಿಯಿತು, ಮಲ ನೋಡುವವರ ಹೆಸರು ಯಾರೂ ಹೇಳುವುದಿಲ್ಲ. ಹಳೆಯ, ಕುಕ್ಕರುಗಾಲಿನಲ್ಲಿ ಕೂರುವ ಸಂಡಾಸಿನಲ್ಲಾದರೂ ಎದ್ದಾಗ ಕಣ್ಣಿಗೆ ಬೀಳುತ್ತಿತ್ತು. ಕಮೋಡು ಬಂದು ಗುಂಡಿ ಒತ್ತಿದರೆ ಎಲ್ಲ ಮಾಯ.

ಏನು ನೋಡಬೇಕು? ರಕ್ತ, ಕೆಂಪಾಗಲಿ ಡಾಂಬರಿನಂತೆ ಕಪ್ಪಾಗಲಿ. ಕೆಂಪು ಹರಿವೆ ಅಥವಾ ಬೀಟ್‌ರೂಟ್ ಉಂಡ ಮರುದಿನ ಗಾಬರಿ ಬೇಡ, ಎರಡು ದಿನ ಬಿಟ್ಟು ನೋಡಿ. ವರ್ಷಗಟ್ಟಲೆ ಇದ್ದ ರೂಢಿ ಬದಲಾಗಿ ಮೂರು ನಾಲ್ಕು ವಾರವಾದರೂ ಮೊದಲಿನಂತಾಗದಿದ್ದರೆ, ಒಮ್ಮೆ ಮಲಬದ್ಧತೆ ಒಮ್ಮೆ ಭೇದಿ ಎಂದಾಗುತ್ತಿದ್ದರೆ, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಎಂದು ಮತ್ತೆ ಮತ್ತೆ ಓಡುವಂತಾದರೆ ಡಾಕ್ಟರರ ಹತ್ತಿರ ಹೇಳಿ. ಈ ಕೊನೆಯದು ಗುದನಾಳದ ಗಡ್ಡೆಯ ಸಹಿ ಇದ್ದ ಹಾಗೆ. ಒಳಗೆ ಕೂತ ಗಡ್ಡೆಯನ್ನೇ ಶರೀರ ಮಲವೆಂದು ತಿಳಿದು ತಳ್ಳಲು ನೋಡುತ್ತದೆ. ಬಲಗಡೆಯ ಕರುಳಿನಲ್ಲಾದರೆ ಇದಾವುದೂ ಇಲ್ಲ. ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ, ತಡೆಯುವುದಿಲ್ಲ. ಹನಿ ಹನಿ ರಕ್ತ ಅದರಲ್ಲಿ ಬೆರೆತು ಹೋಗುತ್ತದೆ. ರೋಗಿಗೆ ಗೊತ್ತಾಗುವುದು ಗುಡ್ಡ ಹತ್ತುವಾಗಿನ ಏದುಸಿರು ಮಾತ್ರ. ಅದಕ್ಕೇ ಐವತ್ತರ ಮೇಲಿನ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ರಕ್ತ ಕಡಿಮೆಯಾದರೆ ‘ಯಾಕೆ ಕಡಿಮೆ’ ಎಂದು ಕೇಳದೆ ಗುಳಿಗೆ ತೆಗೆದುಕೊಳ್ಳಬೇಡಿ.

ಹೆಂಗಸರ ವಿಷಯ ಬಂತು. ಯಲ್ಲಾಪುರ ಕಡೆಯ ಒಬ್ಬಾಕೆ, 46 ವರ್ಷ, ಒಂದು ವರ್ಷ ಪೂರ್ತಿ ರಕ್ತ ನೋಡಿಯೂ ‘ಮುಟ್ಟು ನಿಲ್ಲುವ ಕಾಲ’ ಎಂದು ಸುಮ್ಮನಿದ್ದಳು. ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಹೇಳಲು ಗಂಡಸು ಡಾಕ್ಟರು. ಕೊನೆಗೆ ಹೇಳಿದ್ದು ಇಂಜೆಕ್ಷನ್ ಕೊಡುವ ಸಿಸ್ಟರಿಗೆ. ತೀರ್ಥಹಳ್ಳಿಯ ಹೆಣ್ಣುಮಗಳು ಅನುಪಮಾ ನಿರಂಜನ, ಸ್ವತಃ ವೈದ್ಯೆ, ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಬರೆದು ಬಸಿರು ಬಾಣಂತನವನ್ನು ಕನ್ನಡದಲ್ಲಿ ಮರ್ಯಾದೆಯಿಂದ ಮಾತಾಡುವ ವಿಷಯ ಮಾಡಿದರು. 1991ರಲ್ಲಿ ಕ್ಯಾನ್ಸರಿನಿಂದಲೇ ಹೋದರು. ಕರುಳಿನ ಕೊನೆಯ ಗೇಣಿಗೆ ಅಂಥ ಲೇಖಕಿ ಇನ್ನೂ ಸಿಕ್ಕಬೇಕಷ್ಟೆ.

ಈ ಯಲ್ಲಾಪುರದಾಕೆಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗಡ್ಡೆ ತೀರ ಕೆಳಗಿದ್ದರಿಂದ ಗುದದ್ವಾರ ಮುಚ್ಚಿ ಹೊಟ್ಟೆಯ ಎಡಗಡೆ ಮಲ ಬೀಳುವ ಚೀಲ ಕೂರಿಸಿದರು. ನಮ್ಮಲ್ಲಿ ರೋಗಕ್ಕಿಂತ ಹೆಚ್ಚು ಹೆದರುವುದು ಆ ಚೀಲಕ್ಕೆ. ‘ಚೀಲ ಹಾಕ್ತಾರಡ’ ಎಂದೇ ಎಷ್ಟೋ ಜನ ಅರ್ಧದಲ್ಲಿ ವಾಪಸು ಬಂದಿದ್ದಾರೆ. ಮೊದಲಿನ ಹಾಗೆ ಈಗ ಎಲ್ಲರಿಗೂ ಚೀಲ ಬೇಕಾಗುವುದಿಲ್ಲ. ಮೊದಲೇ ಬಂದರೆ, ವಿಕಿರಣ ಕೊಟ್ಟು ಗಡ್ಡೆ ಕುಗ್ಗಿಸಿ, ಕರುಳಿನ ಎರಡು ತುದಿ ಜೋಡಿಸಲು ಬರುತ್ತದೆ. ತಡ ಮಾಡಿದಷ್ಟೂ ಚೀಲ ಹತ್ತಿರವಾಗುತ್ತದೆ. ಚೀಲ ಬಿದ್ದರೂ ಏನಾಯಿತು? ಆಕೆ ಮುಂದಿನ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬಂದಿದ್ದಳು. ಮೊಮ್ಮಗನ ಜೊತೆ ದೊಡ್ಡ ತೊಟ್ಟಿಲು ಹತ್ತಿ, ಇಳಿದು, ಮರುದಿನ ನನ್ನ ಕೋಣೆಗೆ ಬಂದು ದೂರು ಹೇಳಿದ್ದು ತಲೆ ತಿರುಗುವುದರ ಬಗ್ಗೆ.

ನಳಿಗೆ ಪರೀಕ್ಷೆ ಹೇಗಿರುತ್ತದೆ ಎಂದು ಕೇಳುವವರಿಗೆ: ಕಷ್ಟ ಹಿಂದಿನ ರಾತ್ರಿಯದು. ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಕಾಲು ಗಂಟೆಗೊಂದು ಲೋಟದಂತೆ ಕುಡಿಯಬೇಕು. ಉಪ್ಪುಪ್ಪು, ನಿಂಬೆಯ ಸುವಾಸನೆ ಹಾಕಿದ್ದರೂ ಮೂರನೇ ಲೋಟಕ್ಕೆ ವಾಕರಿಕೆ. ಅಪ್ಪೆಹುಳಿ ಎರಡು ಲೀಟರ್ ಕುಡಿಯುವ ಊರಿನವರಿಗೆ ಇದು ಅಸಾಧ್ಯವೇನಲ್ಲ. ನೀರಿನಂತೆ ತಿಳಿಯಾಗಿ ಹೋಗುವವರೆಗೆ ಓಡಾಟ. ಬೆಳಿಗ್ಗೆ ನರಕ್ಕೆ ಒಂದು ಮಂಪರಿನ ಇಂಜೆಕ್ಷನ್, ಅರ್ಧ ಗಂಟೆಯ ಕೆಲಸ, ಚಾ ಕುಡಿದು ಮನೆಗೆ. ಹೋಗಿ ಬರುವುದೇ ದೊಡ್ಡದು. ವಿಕಿರಣ ಚಿಕಿತ್ಸೆ ಬೇಕೆಂದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ‘ನವನಗರಕ್ಕೆ ತೋರಿಸಿದರು’ ಎಂದರೆ ಸಾಕು, ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲವಾದರೆ ಘಟ್ಟ ಇಳಿದು ಮಣಿಪಾಲ, ಅಥವಾ ರಾತ್ರಿ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ನಾವು ವರ್ಷಗಟ್ಟಲೆ ಕೂಗುತ್ತಿದ್ದೇವೆ, ಕೂಗುವುದು ಸರಿಯೂ ಹೌದು. ಅದು ಬರುವವರೆಗೆ ಕೈಗವಸು ಮತ್ತು ಬೆರಳು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇವೆ.

ಕೊನೆಯದಾಗಿ ಮನೆತನದ ಮಾತು. 1895ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಆಲ್ಡ್ರೆಡ್ ವಾರ್ತಿನ್ ಎಂಬ ವೈದ್ಯನೆದುರು, ನಮ್ಮ ಮನೆಯವರೆಲ್ಲ ಕರುಳಿನ ಇಲ್ಲವೆ ಗರ್ಭಕೋಶದ ಕ್ಯಾನ್ಸರಿನಿಂದ ಹೋದವರು, ನಾನೂ ಹಾಗೇ ಹೋಗುತ್ತೇನೆ ಎಂದಳು. ಹಾಗೇ ಹೋದಳು. ವಾರ್ತಿನ್ ಆ ವಂಶಾವಳಿ ಬರೆದಿಟ್ಟ. ಮುಂದೆ ಹೆನ್ರಿ ಲಿಂಚ್ ಅದನ್ನು ಮುಂದುವರಿಸಿದ, ವಂಶದಲ್ಲಿ ಹರಿದು ಬರುವ ಈ ಕ್ಯಾನ್ಸರಿಗೆ ಅವನದೇ ಹೆಸರು ನಿಂತಿತು. ನಮ್ಮವರಿಗೆ ಗೋತ್ರ, ಪ್ರವರ, ಏಳು ತಲೆಮಾರಿನ ಹೆಸರು ಬಾಯಿಗೆ ಬರುತ್ತದೆ. ಅಜ್ಜ ಯಾವುದರಿಂದ ಹೋದ ಎಂದು ಕೇಳಿ: ‘ಹೊಟ್ಟೆ ಬೇನೆ.’ ದೊಡ್ಡಪ್ಪ? ‘ಅವಂಗೂ ಹೊಟ್ಟೆಯೇಯ.’ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಇದ್ದರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು ಅಥವಾ ನಿಮ್ಮ 40ಕ್ಕೆ, ಯಾವುದು ಮುಂಚೆಯೋ ಆಗ, ಲಕ್ಷಣ ಇರಲಿ ಬಿಡಲಿ ನಳಿಗೆ ಪರೀಕ್ಷೆ ಮಾಡಿಸಬೇಕು. ಈ ಒಂದು ಗುಂಪಿನವರ ಮಟ್ಟಿಗೆ ನನ್ನ ಹತ್ತಿರ ರಿಯಾಯಿತಿ ಇಲ್ಲ.

ಮಾವನ ಮಗನಿಗೆ 40 ತುಂಬಿದ ವರ್ಷ ನಾನೇ ಬೆನ್ನು ಹತ್ತಿದೆ. ‘ಎಂಗೆ ಎಂತೂ ಇಲ್ಲೆ ಭಾವಾ’ ಎಂದ. ಕೊಯ್ಲು ಎಂದ, ಆಲೆಮನೆ ಎಂದ, ಮಗಳ ಪರೀಕ್ಷೆ ಎಂದ. ಕೊನೆಗೆ ನಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ, ಪರದೆಯ ಎದುರು ನಿಂತೆ. ಎಡಗಡೆಯ ಇಳಿಗರುಳಿನ ತಿರುವಿನಲ್ಲಿ ಅರ್ಧ ಗೋಟಡಿಕೆಯಷ್ಟು, ಕೆಂಪಗೆ, ತೊಟ್ಟಿನ ಮೇಲೆ ನಿಂತಿತ್ತು. ಕುಣಿಕೆ ಬಿತ್ತು, ಬಿಗಿಯಿತು, ಒಂದು ಎಳೆ ಹೊಗೆಯೆದ್ದಿತು. ವಾರದ ಮೇಲೆ ವರದಿ ಬಂತು: ಪಾಲಿಪ್, ಕೋಶಗಳು ದಾರಿ ತಪ್ಪಲು ಶುರು ಮಾಡಿವೆ, ಕ್ಯಾನ್ಸರ್ ಇಲ್ಲ.

ಅವನಿಗೆ ಚಿತ್ರ ತೋರಿಸಿದೆ. ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ತುಂಬ ಹೊತ್ತು ನೋಡಿದ.

‘ಅಪ್ಪಂಗೂ ಮೊದಲು ಇಷ್ಟೇ ಇತ್ತನಾ, ಭಾವಾ?’

‘ಇದ್ದಿಕ್ಕು’ ಎಂದೆ.